ತಿಪ್ಪೆ ಇದ್ದ ಜಾಗದಲ್ಲಿ ಮನೆ ಕೊಂಡದ್ದು: ಕಾಗದ, ಕಾಯುವಿಕೆ, ಖರ್ಚು

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆ, ಹಿಂದೊಮ್ಮೆ ಊರಿನ ಕಸವೆಲ್ಲ ಬಂದು ಬೀಳುತ್ತಿದ್ದ ಗುಂಡಿಯ ಮೇಲೆ ಈಗ ಹೊಸ ಬಡಾವಣೆ ಎದ್ದಿದೆ. ಅಲ್ಲಿ ನಾವು ಮನೆ ತೆಗೆದುಕೊಂಡೆವು. ಕೀಲಿ ಸಿಕ್ಕಿ ಬಹಳ ದಿನವಾಗಿಲ್ಲ, ಅರ್ಧ ಪೆಟ್ಟಿಗೆಗಳು ಇನ್ನೂ ಕಟ್ಟಿದ ಹಾಗೇ ಇವೆ. ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ಹೀಗೆ ಮುಚ್ಚಿದ ಸುಮಾರು 20,000 ಹಳೆಯ ಕಸದ ಗುಂಡಿಗಳಿವೆ. ಮನೆಗೆ ಜಾಗ ಸಾಲದೆ ಅವುಗಳಲ್ಲಿ ಕೆಲವು ಬಡಾವಣೆಗಳಾಗುತ್ತಿವೆ. ಇಲ್ಲಿಗೆ ಬಂದು ಮನೆ ಹುಡುಕುವ ನಮ್ಮವರು ಇಂಥ ಜಾಗ ನೋಡಿ ಒಂದೋ ಹೆದರಿ ಓಡುತ್ತಾರೆ, ಇಲ್ಲವೇ ಏನೂ ಕೇಳದೆ ಸಹಿ ಹಾಕುತ್ತಾರೆ. ಎರಡೂ ಬೇಡ. ಕೇಳಬೇಕಾದ ಕಾಗದಗಳಿವೆ, ಅವು ಸಿಗುತ್ತವೆ, ಆದರೆ ತಾವಾಗಿ ನಿಮ್ಮ ಕೈಗೆ ಬರುವುದಿಲ್ಲ.

ನಮಗೆ ಮೊದಲ ಸುಳಿವು ಸಿಕ್ಕಿದ್ದು 2019ರಲ್ಲಿ. ಆಗ ಆ ಜಾಗದ ಪಕ್ಕದ ಬೀದಿಯಲ್ಲೇ ಬಾಡಿಗೆಗಿದ್ದೆವು. ಬೇಲಿಯಾಚೆ ಮುಳ್ಳುಪೊದೆ, ಹುಲ್ಲು, ನಾಯಿ ಕರೆದುಕೊಂಡು ಹೋಗುವವರು ತುಳಿದು ಮಾಡಿದ ಕಾಲುದಾರಿ, ಅಷ್ಟೇ. ಒಂದು ದಿನ ಬೀದಿದೀಪದ ಕಂಬಕ್ಕೆ ನೋಟಿಸು ಕಟ್ಟಿದ್ದರು: ಮನೆಗಳು, ಮಕ್ಕಳ ಆಟದ ಜಾಗ, ಒಂದು ಪಾರ್ಕು ಮಾಡಲು ಅರ್ಜಿ ಬಂದಿದೆ, ಹೇಳುವುದಿದ್ದರೆ 21 ದಿನದೊಳಗೆ ಹೇಳಿ. ಎದುರು ಮನೆಯ ಹಿರಿಯರು ಹುಟ್ಟಿದ್ದೇ ಆ ಬೀದಿಯಲ್ಲಿ. ಅವರು ಹೇಳಿದ್ದು ಇಷ್ಟು: ಮೊದಲು ಅಲ್ಲಿ ಇಟ್ಟಿಗೆ ಕಾರ್ಖಾನೆಯಿತ್ತು, ಜೇಡಿಮಣ್ಣು ತೆಗೆದು ತೆಗೆದು ದೊಡ್ಡ ಹಳ್ಳವಾಯಿತು. ಕಾರ್ಖಾನೆ ಮುಚ್ಚಿದ ಮೇಲೆ ಅರವತ್ತರ ದಶಕದಿಂದ ಕಸ ತಂದು ಸುರಿದರು. ಹಳ್ಳ ತುಂಬಿದಾಗ ಮೇಲೊಂದು ಪದರ ಮಣ್ಣು ಹರಡಿ ಬಿಟ್ಟುಬಿಟ್ಟರು.

ಕಸ ಸುರಿಯಲು ಪರವಾನಗಿ ಬೇಕೆಂಬ ಪದ್ಧತಿ ಈ ದೇಶದಲ್ಲಿ ಜಾರಿಗೆ ಬಂದದ್ದು 1976ರಲ್ಲಿ, 1974ರ ಮಾಲಿನ್ಯ ನಿಯಂತ್ರಣ ಕಾಯ್ದೆಯ ಕೆಳಗೆ. ಅದಕ್ಕಿಂತ ಹಳೆಯ ಗುಂಡಿಗಳಲ್ಲಿ ಏನೇನು ಬಿದ್ದಿದೆ ಎಂಬುದಕ್ಕೆ ನಂಬುವಂಥ ಲೆಕ್ಕ ಸಿಗುವುದು ಅಪರೂಪ. ಹಾಗಾಗಿ ನೆಲ ಕೊರೆದೇ ನೋಡಬೇಕು.

ಆ ಕೊರೆದು ನೋಡಿದ ವರದಿಗಳೆಲ್ಲ ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಪ್ಲಾನಿಂಗ್ ಪುಟದಲ್ಲಿ ಯಾರು ಬೇಕಾದರೂ ಓದುವ ಹಾಗೆ ಇರುತ್ತವೆ, ದುಡ್ಡು ಕೊಡಬೇಕಿಲ್ಲ. ಅರ್ಜಿಯ ಸಂಖ್ಯೆ ಕಂಬದ ನೋಟಿಸಿನಲ್ಲೇ ಇರುತ್ತದೆ. ಮೊದಲು ಬರುವುದು ಜಾಗದ ಇತಿಹಾಸ ಹೇಳುವ ವರದಿ, ಆಮೇಲೆ ಮಣ್ಣು, ನೀರು, ಅನಿಲದ ಪರೀಕ್ಷೆ, ಆಮೇಲೆ ಸರಿಪಡಿಸುವ ಯೋಜನೆ. ಎಲ್ಲಕ್ಕಿಂತ ಮುಖ್ಯವಾದದ್ದು ಕೊನೆಯದು, ಯೋಜನೆಯಲ್ಲಿ ಬರೆದದ್ದನ್ನು ನಿಜವಾಗಿ ಮಾಡಿದರು ಎಂದು ತೋರಿಸುವ ವೆರಿಫಿಕೇಶನ್ ವರದಿ. ಈ ಕೊನೆಯ ಹೆಸರನ್ನು ನೆನಪಿಟ್ಟುಕೊಳ್ಳಿ, ನಮ್ಮ ಕಷ್ಟವೆಲ್ಲ ಅದರ ಸುತ್ತಲೇ ಆಯಿತು.

ನಾನು ಹೆದರಿದ್ದು ಅನಿಲಕ್ಕೆ. ಡರ್ಬಿಶೈರಿನ ಲಾಸ್ಕೋ ಎಂಬ ಹಳ್ಳಿಯ ಹೆಸರನ್ನು ಇಲ್ಲಿ ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ. ಅಲ್ಲೂ ನಮ್ಮಲ್ಲಿಯ ಹಾಗೆಯೇ ಇಟ್ಟಿಗೆ ಮಣ್ಣಿನ ಹಳ್ಳಕ್ಕೆ ಮನೆಮನೆಯ ಕಸ ತುಂಬಿದ್ದರು. 1986ರ ಮಾರ್ಚ್ 24ರ ಬೆಳಗಿನ ಜಾವ ಮೀಥೇನ್ ಅನಿಲ ನೆಲದೊಳಗಿಂದ ಹರಿದು ಹತ್ತಿರದ ಒಂದು ಮನೆಗೆ ಸೇರಿ ಸ್ಫೋಟವಾಯಿತು. ಮನೆ ನೆಲಸಮ, ಒಳಗಿದ್ದ ಮೂವರಿಗೆ ತೀವ್ರ ಗಾಯ. ಅವರು ಬದುಕಿದರು. ಆ ರಾತ್ರಿ ವಾಯುಭಾರ ಬಹಳ ವೇಗವಾಗಿ ಕುಸಿದಿತ್ತು, ಬಿಗಿಯಾಗಿದ್ದ ಮುಚ್ಚಳ ಸಡಿಲಿಸಿದ ಹಾಗೆ ನೆಲದೊಳಗಿನ ಅನಿಲ ಹೊರಗೆ ಬಂತು. ಆ ಮನೆ ಕಸದ ಮೇಲೆ ಇರಲಿಲ್ಲ, ಪಕ್ಕದಲ್ಲಿತ್ತು. ಗುಂಡಿಯಿಂದ 250 ಮೀಟರ್ ಒಳಗೆ ಕಟ್ಟುವಾಗಲೂ ಅನಿಲದ ಅಪಾಯ ನೋಡಬೇಕು ಎಂದು ಇಂದಿನ ಕಟ್ಟಡ ನಿಯಮಗಳ ಕೈಪಿಡಿ ಹೇಳುತ್ತದೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ಬಾಡಿಗೆಗಿದ್ದ ಹಳೆಯ ಮನೆ ಆ 250 ಮೀಟರಿನ ಒಳಗೇ ಇತ್ತು, ಅದರ ಕೆಳಗೆ ಯಾವ ರಕ್ಷಣೆಯೂ ಇರಲಿಲ್ಲ. ಹೊಸ ಮನೆಯ ಯೋಚನೆ ಬಂದದ್ದು ಅಲ್ಲಿಂದ.

ಆದ್ದರಿಂದ ಅನಿಲದ ವರದಿ ಓದುವಾಗ ಒಂದು ವಿಷಯ ನೋಡಿ: ಅಳತೆ ತೆಗೆದುಕೊಂಡ ದಿನಗಳಲ್ಲಿ ವಾಯುಭಾರ ಇಳಿಯುತ್ತಿದ್ದ ದಿನಗಳಿವೆಯೇ? ಬರೀ ಏರಿದ ಅಥವಾ ಸ್ಥಿರವಾದ ದಿನಗಳಲ್ಲಿ ಅಳೆದರೆ ನಿಜವಾದ ಅಪಾಯ ಕಾಣುವುದಿಲ್ಲ. ನಮ್ಮ ಜಾಗಕ್ಕೆ ತಿಂಗಳುಗಟ್ಟಲೆ ಅಳೆದಿದ್ದರು, ಇಳಿಯುವ ದಿನಗಳೂ ಇದ್ದವು. ಅಪಾಯಕ್ಕೆ 1ರಿಂದ 6ರವರೆಗೆ ಶ್ರೇಣಿ ಕೊಡುತ್ತಾರೆ, ನಮ್ಮದು 3 ಎಂದು ಬಂತು. ಅಂದರೆ ಕಟ್ಟಬಹುದು, ಆದರೆ ಪ್ರತಿ ಮನೆಯ ಕೆಳಗೂ ಗಾಳಿಯಾಡುವ ಖಾಲಿ ಜಾಗ ಮತ್ತು ಅನಿಲ ತಡೆಯುವ ಪೊರೆ ಎರಡೂ ಬೇಕು. ಆ ಕಾಲದ ಕಸದಲ್ಲಿ ಒಲೆಯ ಕಲ್ಲಿದ್ದಲ ಬೂದಿಯೇ ಬಹಳ. ಅದು ಕೊಳೆಯುವುದಿಲ್ಲ, ಹಾಗಾಗಿ ಮೀಥೇನ್ ಕಡಿಮೆ, ಆದರೆ ಅದರೊಂದಿಗೆ ಸೀಸ, ಆರ್ಸೆನಿಕ್, ಬೆಂಜೊಪೈರೀನ್‌ನಂಥ ವಿಷಗಳು ಮಣ್ಣಿಗೆ ಸೇರಿರುತ್ತವೆ. ಮಕ್ಕಳು ಮಣ್ಣಲ್ಲಿ ಆಡುತ್ತಾರಲ್ಲ, ಅದಕ್ಕೆ ಈ ಪಟ್ಟಿಯನ್ನೂ ಓದಿ.

2020ರಲ್ಲಿ ಅನುಮತಿ ಸಿಕ್ಕಿತು, 2022ರಲ್ಲಿ ಅಗೆತ ಶುರುವಾಯಿತು. ಆ ಬೇಸಿಗೆ ನಮ್ಮ ಬೀದಿಯವರೆಲ್ಲ ಕಿಟಕಿ ಮುಚ್ಚಿಕೊಂಡೇ ಕಳೆದೆವು. ಅರ್ಧ ಶತಮಾನ ಮುಚ್ಚಿಟ್ಟಿದ್ದ ಕಸ ತೆರೆದರೆ ಬರುವ ವಾಸನೆಯನ್ನು ಬರೆದು ತಿಳಿಸಲು ಆಗುವುದಿಲ್ಲ. ಲಾರಿಗಳು, ಚಕ್ರ ತೊಳೆಯುವ ನೀರು, ಬೇಲಿಯ ಉದ್ದಕ್ಕೂ ಧೂಳು ಮತ್ತು ಕಲ್ನಾರಿನ ಎಳೆ ಅಳೆಯುವ ಯಂತ್ರಗಳು. ಗುಂಡಿಯ ಅಂಚಿನ ಆಳವಿಲ್ಲದ ಕಸವನ್ನು ತೆಗೆದು, ಜರಡಿ ಹಿಡಿದು, ಬಳಸಬಹುದಾದ ಮಣ್ಣು, ಇಟ್ಟಿಗೆ ಚೂರು ಬೇರೆ ಮಾಡಿ, ಉಳಿದದ್ದನ್ನು ಸಾಗಿಸಿದರು. ನಡುವಿನ ಆಳದ ಭಾಗವನ್ನು ಅಲ್ಲೇ ಬಿಟ್ಟು, ಮೇಲೆ ಜೇಡಿಮಣ್ಣಿನ ಮುಚ್ಚಿಗೆ ಹಾಕಿ ಪಾರ್ಕು ಮಾಡಿದರು. ಮನೆಗಳು ಅಂಚಿನಲ್ಲಿ, ಕಸ ಉಳಿದಿರುವ ಆಳದ ಮೇಲೆ ಹುಲ್ಲು. ಬಡಾವಣೆಯ ನಕ್ಷೆ ನೋಡುವಾಗ ಇದನ್ನು ಗಮನಿಸಿ, ನಿಮಗೆ ತೋರಿಸುವ ಮನೆ ಯಾವ ಭಾಗದ ಮೇಲಿದೆ ಎಂದು.

2024ರ ಶರತ್ಕಾಲದಲ್ಲಿ ಮಾರಾಟ ತೆರೆದರು. ನಾವು ಮೂರು ಮಲಗುವ ಕೋಣೆಯ ಮನೆಯೊಂದನ್ನು ಆರಿಸಿ 500 ಪೌಂಡ್ ಮುಂಗಡ ಕೊಟ್ಟೆವು. ಬೆಲೆ 3,40,000 ಪೌಂಡ್. ಆ ಸಂಜೆ ಯಲಹಂಕದಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಅಲ್ಲಮ್ಮಾ, ಇಷ್ಟು ದುಡ್ಡು ಕೊಟ್ಟು ತಿಪ್ಪೆ ಮೇಲೆ ಮನೆ ತಗೋತೀರಾ? ಮಗು ಇರೋ ಮನೆ" ಅಂದರು. ಅವರ ಮಾತಿಗೆ ಕಾರಣವಿತ್ತು. ಮಾವಳ್ಳಿಪುರ ಅವರಿಗೆ ದೂರವಲ್ಲ. ಅಲ್ಲಿಯ ಜನ ಕೆಟ್ಟ ನೀರು, ನೊಣ, ವಾಸನೆ ಸಹಿಸಿ ಸಾಕಾಗಿ ಹೋರಾಡಿದ ಮೇಲೆಯೇ 2012ರಲ್ಲಿ ಬೆಂಗಳೂರಿನ ಕಸ ಅಲ್ಲಿಗೆ ಬರುವುದು ನಿಂತದ್ದು. ಅಪ್ಪ ಅದನ್ನು ಕಣ್ಣಾರೆ ಕಂಡವರು. ನಾನು ವಾದ ಮಾಡಲಿಲ್ಲ. ವರದಿಗಳ ಮುಖ್ಯ ಪುಟಗಳನ್ನು ಕನ್ನಡದಲ್ಲಿ ಬರೆದು ಕಳಿಸಿದೆ. ಅವರು ಓದಿ ಕೇಳಿದ ಪ್ರಶ್ನೆ ನಮ್ಮ ವಕೀಲರಿಗೂ ಹೊಳೆದಿರಲಿಲ್ಲ: "ಮಾಡ್ತೀವಿ ಅಂತ ಬರೆದಿದ್ದಾರೆ, ಸರಿ. ಮಾಡಿದ್ದೀವಿ ಅಂತ ಯಾರು ಬರೆದಿದ್ದಾರೆ?"

(ನಮ್ಮ ದೇಶದಲ್ಲಿರುವವರಿಗೆ: 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಮುಚ್ಚಿದ ಕಸದ ತಾಣವನ್ನು 15 ವರ್ಷ ನಿಗಾ ಇಟ್ಟ ಮೇಲಷ್ಟೇ, ಅದೂ ಅನಿಲ ಮತ್ತು ಕಸದ ನೀರಿನ ಪರೀಕ್ಷೆ ಸರಿಬಂದು ನೆಲ ಗಟ್ಟಿಯಿದೆ ಎಂದು ಖಾತ್ರಿಯಾದರೆ, ಜನವಸತಿಗೆ ಪರಿಗಣಿಸಬಹುದಿತ್ತು, 2026ರ ಏಪ್ರಿಲ್‌ನಿಂದ ಅವುಗಳ ಜಾಗದಲ್ಲಿ ಹೊಸ ನಿಯಮಗಳು ಬಂದಿವೆ. ಬೆಂಗಳೂರಿನ ಸುತ್ತ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯಂಥ ಕಡೆ ಪಾಳುಬಿದ್ದ ಕಲ್ಲುಕ್ವಾರಿಗಳಿಗೆ ಕಸ ತುಂಬಿದ್ದಾರೆ. ಅಂಥ ಜಾಗದ ಆಸುಪಾಸು ಸೈಟು ತೋರಿಸಿದರೆ ಇಸಿ, ಖಾತೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಿ.)

ದುಡ್ಡಿನ ಮಾತು ಇಲ್ಲೇ ಮುಗಿಸುತ್ತೇನೆ, ಯಾಕೆಂದರೆ ಇದು ನಮ್ಮವರಿಗೆ ಮಾತ್ರ ಬರುವ ತೊಡಕು. ಇಲ್ಲಿ ಮೊದಲ ಮನೆ ಕೊಳ್ಳುವವರಿಗೆ ಸ್ಟಾಂಪ್ ಡ್ಯೂಟಿಯಲ್ಲಿ ರಿಯಾಯಿತಿಯಿದೆ, ಆದರೆ ಜಗತ್ತಿನ ಯಾವ ಮೂಲೆಯಲ್ಲೂ ನಿಮ್ಮ ಹೆಸರಿನಲ್ಲಿ ಮನೆ ಇದ್ದಿರಬಾರದು. ಊರಲ್ಲಿ ಅಪ್ಪ ಅಮ್ಮ ನಿಮ್ಮ ಹೆಸರು ಸೇರಿಸಿ ಫ್ಲಾಟ್ ನೋಂದಣಿ ಮಾಡಿಸಿದ್ದರೆ ರಿಯಾಯಿತಿ ಹೋಯಿತು. ಆ ಪಾಲಿನ ಬೆಲೆ 40,000 ಪೌಂಡ್ ಮುಟ್ಟಿದರೆ ಎರಡನೇ ಮನೆಯ ಲೆಕ್ಕದಲ್ಲಿ ಹೆಚ್ಚುವರಿ ತೆರಿಗೆಯೂ ಬೀಳುತ್ತದೆ, 2024ರ ಅಕ್ಟೋಬರ್ 31ರಿಂದ ಅದು ಶೇಕಡಾ 5. ಬರೀ ಸೈಟಾದರೆ ಬೇರೆ ಮಾತು, ಆದರೂ ವಕೀಲರಿಗೆ ಮೊದಲೇ ಹೇಳಿಬಿಡಿ. ಅಪ್ಪ ಸ್ವಲ್ಪ ಹಣ ಕಳಿಸಿದರು. ಅದಕ್ಕೆ ಇದು ಸಾಲವಲ್ಲ, ಉಡುಗೊರೆ ಎಂಬ ಪತ್ರ, ಅವರ ಬ್ಯಾಂಕ್ ಪಾಸ್‌ಬುಕ್, ಆ ಹಣ ಅವರಿಗೆ ಎಲ್ಲಿಂದ ಬಂತು ಎಂಬುದಕ್ಕೆ ದಾಖಲೆ, ಎಲ್ಲ ಕೇಳಿದರು. ಕನ್ನಡದ ಕ್ರಯಪತ್ರವೊಂದನ್ನು ಇಂಗ್ಲಿಷಿಗೆ ಮಾಡಿಸಿ ಕೊಡಬೇಕಾಯಿತು. ಅತ್ತ ಊರಿನ ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಏ2 ಅರ್ಜಿ, ಮಿತಿ ಮೀರಿದ ಮೊತ್ತಕ್ಕೆ ಶೇಕಡಾ 20 ಟಿಸಿಎಸ್, ಅಂದರೆ ಬ್ಯಾಂಕ್ ಮೊದಲೇ ವಸೂಲು ಮಾಡುವ ತೆರಿಗೆ. ಅಪ್ಪ ಕಳಿಸಿದಾಗ ಆ ಮಿತಿ 7 ಲಕ್ಷ ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 10 ಲಕ್ಷ. ತೆರಿಗೆ ವಿವರ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಹಿರಿಯರ ಹಣ ಕಟ್ಟಿಹಾಕಿದಂತೆ. ಮೊದಲೇ ಲೆಕ್ಕ ಹಾಕಿಕೊಳ್ಳಿ.

ಡಿಸೆಂಬರ್‌ನಲ್ಲಿ ವಕೀಲರು ತರಿಸಿದ ಪರಿಸರ ವರದಿ ಬಂತು. ಅರವತ್ತು ಪೌಂಡಿನ ಆಸುಪಾಸಿನ ಕಾಗದ ಅದು. ಸಾಮಾನ್ಯ ಜಾಗಕ್ಕೆ "ಪಾಸ್" ಎಂದು ಬರುತ್ತದೆ. ನಮ್ಮದಕ್ಕೆ "ಮುಂದಿನ ಕ್ರಮ ಬೇಕು" ಎಂದು ಬಂತು. ಹೆದರಬೇಡಿ, ಕಸದ ಗುಂಡಿಯ ಮೇಲಿನ ಜಾಗಕ್ಕೆ ಹೀಗೆ ಬರುವುದು ಸಹಜ. ಆದರೆ ಸಾಲ ಕೊಡುವ ಬ್ಯಾಂಕಿಗೆ ವಕೀಲರು ಇದನ್ನು ತಿಳಿಸಲೇಬೇಕು, ತಿಳಿಸಿದ ಕ್ಷಣದಿಂದ ಎಲ್ಲವೂ ನಿಲ್ಲುತ್ತದೆ. ಕಾರಣವೂ ಸರಿಯಾದದ್ದೇ. 1990ರ ಪರಿಸರ ಸಂರಕ್ಷಣಾ ಕಾಯ್ದೆಯ 2ಎ ಭಾಗದ ಪ್ರಕಾರ, ನೆಲ ಕೆಡಿಸಿದವರು ಸಿಗದಿದ್ದರೆ ಸರಿಪಡಿಸುವ ಹೊಣೆ ಈಗಿನ ಮಾಲೀಕರ ಮೇಲೆ ಬರಬಹುದು.

ಅಪ್ಪನ ಪ್ರಶ್ನೆ ಆಗ ಎದುರಿಗೆ ಬಂದು ನಿಂತಿತು. ಕೌನ್ಸಿಲಿನ ಪುಟದಲ್ಲಿ ಹುಡುಕಿದರೆ ವೆರಿಫಿಕೇಶನ್ ವರದಿ ಇತ್ತು, ಒಪ್ಪಿಗೆಯೂ ಆಗಿತ್ತು, ಆದರೆ ಮೊದಲ ಹಂತದ ಮನೆಗಳಿಗೆ ಮಾತ್ರ. ನಮ್ಮ ಮನೆ ಎರಡನೇ ಹಂತದ್ದು. ಮಾರಾಟ ಕಚೇರಿಯಲ್ಲಿ "ನೆಲದ ಕೆಲಸಕ್ಕೆಲ್ಲ ಕೌನ್ಸಿಲ್ ಒಪ್ಪಿದೆ" ಎಂದಿದ್ದರು. ಒಪ್ಪಿದ್ದು ಯೋಜನೆಯನ್ನು. ಅನುಮತಿಯ ಜೊತೆ ಹಾಕಿದ್ದ ಷರತ್ತು ಪೂರೈಸಿದೆ ಎಂಬ ಪತ್ರ ಬೇರೆ, ಅದು ಪ್ಲಾಟ್ ಸಂಖ್ಯೆ ಹಿಡಿದು ಬರುತ್ತದೆ. ಈ ಬರಹದಿಂದ ಒಂದೇ ವಿಷಯ ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ: ಮುಂಗಡ ಕೊಡುವ ಮೊದಲು, ನಿಮ್ಮ ಪ್ಲಾಟ್ ಸಂಖ್ಯೆ ನಮೂದಿಸಿರುವ ವೆರಿಫಿಕೇಶನ್ ವರದಿ ಮತ್ತು ಅದಕ್ಕೆ ಕೌನ್ಸಿಲ್ ಕೊಟ್ಟ ಷರತ್ತು ಪೂರೈಕೆಯ ಪತ್ರ ಎರಡನ್ನೂ ಕೇಳಿ. ಇನ್ನೂ ಆಗಿಲ್ಲ ಎಂದರೆ ಯಾವಾಗ ಸಲ್ಲಿಸುತ್ತೀರಿ ಎಂದು ಬರಹದಲ್ಲಿ ತೆಗೆದುಕೊಳ್ಳಿ.

ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮನೆ ನಿಂತಿದೆ, ಬಾಗಿಲಿಗೆ ಬಣ್ಣ ಬಳಿದಾಗಿದೆ, ಕಾಗದ ಇಲ್ಲ. ಪೊರೆ ಹಾಕಿದವರೇ ಅದನ್ನು ಪರಿಶೀಲಿಸಿದ್ದರು, ಹೊರಗಿನ ಸ್ವತಂತ್ರ ತಪಾಸಕರ ಸಹಿ ಬೇಕೆಂದು ಕೌನ್ಸಿಲಿನ ಅಧಿಕಾರಿ ವರದಿ ವಾಪಸ್ ಕಳಿಸಿದರು. ಆ ದಿನಗಳಲ್ಲಿ ನನಗೆ ಅಧಿಕಾರಿಯ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಈಗ ಆ ಮನೆಯಲ್ಲಿ ಮಗಳನ್ನು ಮಲಗಿಸುವಾಗ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅದೃಷ್ಟಕ್ಕೆ ಪೊರೆಯ ಪ್ರತಿ ಬೆಸುಗೆಯ, ಪೈಪು ತೂರಿದ ಪ್ರತಿ ಜಾಗದ ಫೋಟೋ ಇತ್ತು, ಕಾಂಕ್ರೀಟ್ ಒಡೆಯುವ ಪ್ರಸಂಗ ಬರಲಿಲ್ಲ.

ಈ ನಡುವೆ ಮಾರ್ಚ್ 31 ದಾಟಿತು. ಅಲ್ಲಿಯವರೆಗೆ ಮೊದಲ ಮನೆಯವರಿಗೆ 4,25,000 ಪೌಂಡಿನವರೆಗೆ ಸ್ಟಾಂಪ್ ಡ್ಯೂಟಿ ಇರಲಿಲ್ಲ, 2025ರ ಏಪ್ರಿಲ್ 1ರಿಂದ ಆ ಮಿತಿ 3,00,000ಕ್ಕೆ ಇಳಿಯಿತು. ಮೇಲಿನ 40,000ಕ್ಕೆ ಶೇಕಡಾ 5ರಂತೆ ನಮಗೆ 2,000 ಪೌಂಡ್ ಬಿತ್ತು. ಬಿಲ್ಡರನ್ನು ಕೇಳಿದೆವು, ಮಾತುಕತೆಯಾಗಿ ಅರ್ಧ ಅವರು ಕೊಟ್ಟರು. ಕೇಳದಿದ್ದರೆ ಅದೂ ಬರುತ್ತಿರಲಿಲ್ಲ. ಆರು ತಿಂಗಳ ಸಾಲದ ಒಪ್ಪಿಗೆಯ ಅವಧಿಯೂ ಮುಗಿಯಿತು. ಬ್ಯಾಂಕ್ ವಿಸ್ತರಿಸಿತು, ಆದರೆ ಸಂಬಳದ ಚೀಟಿಗಳನ್ನೆಲ್ಲ ಮತ್ತೆ ಹೊಸದಾಗಿ ಕೊಡಬೇಕಾಯಿತು. ಬಾಡಿಗೆ ಮನೆಯ ಮಾಲೀಕರು ಒಳ್ಳೆಯವರು, ತಿಂಗಳಿಂದ ತಿಂಗಳಿಗೆ ಇರಲು ಬಿಟ್ಟರು. ನೀವು ಬಾಡಿಗೆ ಮನೆಗೆ ನೋಟಿಸು ಕೊಡುವುದಿದ್ದರೆ ಒಪ್ಪಂದ ವಿನಿಮಯವಾಗಿ, ಅಂದರೆ ಎರಡೂ ಕಡೆಯವರ ಸಹಿಯಾಗಿ ವ್ಯವಹಾರ ಗಟ್ಟಿಯಾಗುವ ತನಕ ಕೊಡಬೇಡಿ.

ಕಾಯುತ್ತಿದ್ದಾಗ ನಾವು ಮಾಡಿದ ಒಂದು ಖರ್ಚು ಸಾರ್ಥಕವಾಯಿತು. ಕಲುಷಿತ ನೆಲದ ಕೆಲಸ ಬಲ್ಲ ಎಂಜಿನಿಯರೊಬ್ಬರಿಗೆ ತೆರಿಗೆ ಸೇರಿ 540 ಪೌಂಡ್ ಕೊಟ್ಟು ಎಲ್ಲ ವರದಿ ಓದಿಸಿದೆವು. ಆಕೆ ನಮ್ಮೊಂದಿಗೆ ಜಾಗಕ್ಕೆ ಬಂದು ತೋರಿಸಿದ್ದು ವರದಿಗಳಲ್ಲಿ ನಮಗೆ ಹೊಳೆದಿರಲಿಲ್ಲ. ಮನೆಗಳು ನೆಲದಾಳಕ್ಕೆ ಇಳಿಸಿದ ಕಂಬಗಳ ಮೇಲೆ ನಿಂತಿವೆ, ಅಂಗಳ ನಿಂತಿಲ್ಲ. ಹಾಗಾಗಿ ವರ್ಷಗಳಲ್ಲಿ ಅಂಗಳ ಸ್ವಲ್ಪ ಕುಸಿದು ಹೊಸ್ತಿಲ ಬಳಿ ಮೆಟ್ಟಿಲಿನಷ್ಟು ಅಂತರ ಬರಬಹುದು. ಒಳಬರುವ ಪೈಪುಗಳಿಗೆ ಬಾಗುವ ಜೋಡಣೆ ಇದೆಯೇ ನೋಡಬೇಕು. ಕುಡಿಯುವ ನೀರಿನ ಪೈಪು ಸಾದಾ ಪ್ಲಾಸ್ಟಿಕ್ ಆಗಿರಬಾರದು, ಅದರ ಮೂಲಕ ಮಣ್ಣಿನ ರಾಸಾಯನಿಕ ಒಸರಬಹುದು. ನಡುವೆ ಅಲ್ಯೂಮಿನಿಯಂ ಪದರವಿರುವ ಪೈಪು ಬೇಕು. ನಮ್ಮದು ಅದೇ ಇತ್ತು. ವೆರಿಫಿಕೇಶನ್ ವರದಿ ಬರೆದ ಸಂಸ್ಥೆಯಿಂದ, ಕೊಳ್ಳುವವರೂ ಬ್ಯಾಂಕೂ ಇದನ್ನು ನಂಬಿ ಮುಂದುವರಿಯಬಹುದು ಎಂಬ ರಿಲಯನ್ಸ್ ಪತ್ರ ತರಿಸಿ ಎಂದೂ ಆಕೆಯೇ ಹೇಳಿದರು. ಅದಿಲ್ಲದಿದ್ದರೆ ನಾಳೆ ವರದಿ ತಪ್ಪೆಂದಾದರೆ ನಿಮಗೆ ಕೇಳುವ ಹಕ್ಕೇ ಇರುವುದಿಲ್ಲ.

ಮೇ ತಿಂಗಳಲ್ಲಿ ಷರತ್ತು ಪೂರೈಕೆಯ ಪತ್ರ ಬಂತು. ಇನ್ನು ಮುಗಿಯಿತು ಎಂದುಕೊಂಡಾಗ ಕ್ರಯಪತ್ರದಲ್ಲಿ ಇನ್ನೊಂದು ಗಂಟು. ಪಾರ್ಕು, ಕೆರೆ, ಅನಿಲ ನಿಗಾ ಇವುಗಳ ನಿರ್ವಹಣೆಗೆ ವರ್ಷಕ್ಕೆ 310 ಪೌಂಡ್ ಕೊಡಬೇಕು, ಅದು ಸರಿ. ಆದರೆ ಅದನ್ನು ಜಮೀನಿನ ಮೇಲಿನ ಶುಲ್ಕವಾಗಿ ಬರೆದಿದ್ದರು. 1925ರ ಆಸ್ತಿ ಕಾಯ್ದೆಯ 121ನೇ ಕಲಮಿನಂತೆ ಇಂಥ ಶುಲ್ಕ 40 ದಿನ ಬಾಕಿಯಾದರೆ ಬಾಕಿ ವಸೂಲಿಗೆ ನಿಮ್ಮ ಮನೆಯನ್ನೇ ಲೀಸಿಗೆ ಹಾಕುವ ಅಧಿಕಾರ ಅವರಿಗೆ ಬರುತ್ತದೆ. ಬ್ಯಾಂಕ್ ಒಪ್ಪಲಿಲ್ಲ. ಆ ಅಧಿಕಾರ ಬಳಸುವುದಿಲ್ಲ ಎಂದು ತಿದ್ದಿಸಲು ಮತ್ತಷ್ಟು ವಾರ. ವಕೀಲರಿಗೆ ಮೊದಲ ದಿನವೇ ಈ ಕಲಮಿನ ಬಗ್ಗೆ ಕೇಳಿ. ಅವರ ಶುಲ್ಕ ಒಟ್ಟು 2,100 ಪೌಂಡ್ ದಾಟಿತು, ಹೆಚ್ಚಿನದು ಈ ಓಡಾಟದಿಂದ. ಹೊಸ ಮನೆಗೆ ಕೊಡುವ ಹತ್ತು ವರ್ಷದ ವಾರಂಟಿಯಲ್ಲಿ ಕಲುಷಿತ ನೆಲದ ನೋಟಿಸು ಬಂದರೆ ಖರ್ಚು ಭರಿಸುವ ಭಾಗ ಇದೆಯೇ ಎಂದೂ ನೋಡಿಕೊಳ್ಳಿ, ಎಲ್ಲ ವಾರಂಟಿಯಲ್ಲೂ ಅದು ಇರುವುದಿಲ್ಲ.

ಕ್ರಯಪತ್ರದ ಕಟ್ಟುಪಾಡುಗಳು ಜೀವನಪೂರ್ತಿ ಇರುವಂಥವು. ಹಿತ್ತಲಲ್ಲಿ ಮೇಲಿನ 600 ಮಿಲಿಮೀಟರ್ ಹೊರಗಿಂದ ತಂದ, ಪರೀಕ್ಷಿಸಿದ ಮಣ್ಣು. ಅದರ ಕೆಳಗೆ ಕಿತ್ತಳೆ ಬಣ್ಣದ ಜಾಲರಿ. ಅಗೆಯುವಾಗ ಅದು ಕಂಡರೆ ನಿಲ್ಲಿಸಬೇಕು. ಮನೆ ವಿಸ್ತರಿಸುವಂತಿಲ್ಲ, ಹಿತ್ತಲಲ್ಲಿ ಶೆಡ್ ಕಟ್ಟಲೂ ಕೌನ್ಸಿಲ್ ಅನುಮತಿ ಬೇಕು, ಯಾಕೆಂದರೆ ಒಂದು ಅಡಿಪಾಯ ತೋಡಿದರೂ ಪೊರೆ ಹರಿಯಬಹುದು. ಮುಂದೆ ಅಪ್ಪ ಅಮ್ಮ ಬಂದು ಇರಲೆಂದು ಕೆಳಗೊಂದು ಕೋಣೆ ಸೇರಿಸುವ ಆಸೆ ನಮಗಿತ್ತು. ಅದು ಆಗುವುದಿಲ್ಲ. ಇದಕ್ಕೆ ನಾನು ಅತ್ತಿದ್ದೇನೆ. ಕುಟುಂಬ ಬೆಳೆದರೆ ಮನೆಯೂ ಬೆಳೆಯಬೇಕು ಎನ್ನುವವರು ಇಂಥ ಕಡೆ ಮೊದಲೇ ದೊಡ್ಡ ಮನೆ ನೋಡಿ, ಇಲ್ಲವೇ ಬೇರೆ ಕಡೆ ನೋಡಿ.

ಈಗ ಬೀದಿಯಲ್ಲಿ ಅರ್ಧ ಮನೆಗಳಿಗೆ ಜನ ಬಂದಿದ್ದಾರೆ. ಪಾರ್ಕಿನ ಅಂಚಿನಲ್ಲಿ ಟೋಪಿ ಹಾಕಿದ ಉದ್ದನೆಯ ಕಂಬಗಳಿವೆ, ನೆಲದ ಅನಿಲ ಅಲ್ಲಿಂದ ಗಾಳಿಗೆ ಹೋಗುತ್ತದೆ. ಮಕ್ಕಳಿಗೆ ಅದೇನೆಂದು ಎಲ್ಲರೂ ಹೇಳಿಕೊಟ್ಟಿದ್ದೇವೆ. ಹೊಸ ನಿವಾಸಿಗಳ ಮೊದಲ ಸಭೆಗೆ ಎದುರು ಮನೆಯ ಆ ಹಿರಿಯರನ್ನೂ ಕರೆದೆವು. ಪಾರ್ಕಿನ ಯಾವ ಭಾಗದಲ್ಲಿ ಕಸ ಅತಿ ಆಳವಿತ್ತು ಎಂದು ಅವರು ನಿಂತು ತೋರಿಸಿದ್ದು ವರದಿಯ ನಕ್ಷೆಗೆ ತಾಳೆಯಾಯಿತು. ನಿರ್ವಹಣಾ ಸಂಸ್ಥೆ ಪ್ರತಿ ವರ್ಷದ ಅನಿಲ ಅಳತೆಯನ್ನು ಎಲ್ಲ ಮನೆಗಳಿಗೂ ಕಳಿಸಬೇಕೆಂದು ಆ ಸಭೆಯಲ್ಲೇ ಪತ್ರ ಬರೆದೆವು. ಒಪ್ಪಿದ್ದಾರೆ. ಹಿತ್ತಲಲ್ಲಿ ಮರದ ಚೌಕಟ್ಟು ಇಟ್ಟು ಮಣ್ಣು ತುಂಬಿ ಮೆಂತ್ಯ, ಕೊತ್ತಂಬರಿ, ಬಸಳೆ ಹಾಕಿದ್ದೇನೆ. ನೆಲಕ್ಕೆ ಬೀಜ ಹಾಕಬಾರದೆಂದೇನಿಲ್ಲ, ಆದರೆ ಬೇರು ಆಳಕ್ಕೆ ಇಳಿಯುವ ಮರ ಬೇಡ.

ಕೊನೆಗೆ ಒಂದು ಕೆಲಸ. ಷರತ್ತು ಪೂರೈಕೆಯ ಪತ್ರ, ವೆರಿಫಿಕೇಶನ್ ವರದಿ, ರಿಲಯನ್ಸ್ ಪತ್ರ, ಪೊರೆಯ ಫೋಟೋಗಳು, ಪ್ರತಿ ವರ್ಷದ ಅನಿಲ ಅಳತೆ, ಇವನ್ನೆಲ್ಲ ಒಂದು ಫೈಲಿನಲ್ಲೂ ಕಂಪ್ಯೂಟರಿನಲ್ಲೂ ಇಟ್ಟುಕೊಳ್ಳಿ. ಮುಂದೆ ಮನೆ ಮಾರುವಾಗ ಕೊಳ್ಳುವವರ ಬ್ಯಾಂಕ್ ಇದನ್ನೇ ಕೇಳುತ್ತದೆ, ಆ ಹೊತ್ತಿಗೆ ಬಿಲ್ಡರ್ ಕಂಪನಿ ಇರುತ್ತದೆಂಬ ಭರವಸೆಯಿಲ್ಲ. ನಮ್ಮ ಪ್ರತಿಯೊಂದು ಯಲಹಂಕದಲ್ಲಿ ಅಪ್ಪನ ಬೀರುವಿನಲ್ಲೂ ಇದೆ, ಅವರೇ ಕೇಳಿ ತರಿಸಿಕೊಂಡರು.